ಆಮೆನ್ ಅನ್ನದವನಿಗೆ ಓದಿದ ಪ್ರಸಂಗ

ಕಳೆದ ತಿಂಗಳು, ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದ ಹಿರಿಯರೊಬ್ಬರ ಮಗಳು ಫೋನ್ ಮಾಡಿದ್ದಳು. ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣದಲ್ಲೇ ಆದ್ದರಿಂದ ಅವಳ ಕನ್ನಡ ಅರ್ಧ ತೆಲುಗು. "ಅಂಕಲ್, ನಾನ್ನ ಹೋಗಿಬಿಟ್ರಂಡಿ," ಎಂದಳು. ನಾನ್ನ ಎಂದರೆ ಅಪ್ಪ. ನಾನು ಏನೋ ಸಮಾಧಾನದ ಮಾತು ತೊದಲಿದೆ. ಅವಳು, "ಸ್ಮರಣೆಯ ಕೂಟ ಇಟ್ಕೊಂಡಿದೀವಿ. ನೀವು ಅವರ ಬಗ್ಗೆ ಏನಾದ್ರೂ ಬರ್ದು ಕಳ್ಸಿ ಅಂಕಲ್. ನಂಬಿಕೆಯಲ್ಲಿ ಎಷ್ಟು ಗಟ್ಟಿ ಇದ್ರು ಅಂತ ನಿಮ್ಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದಳು.

ಆಗಲಮ್ಮ ಎಂದುಬಿಟ್ಟೆ. ಅವತ್ತಿನಿಂದ ತಲೆ ಕೆಟ್ಟು ಕೂತಿದೆ. ನಾನು ತುಮಕೂರಿನ ಕಡೆಯವನು, ಶನಿವಾರ ಆಂಜನೇಯನ ಗುಡಿಗೆ ಹೋಗಿ ಬರುವವನು. ಅವರು ಗದಗ ಸೀಮೆಯ ಕ್ರೈಸ್ತರು. ಬ್ಯಾಂಕಿನವರು ನಮ್ಮಿಬ್ಬರನ್ನೂ ಬೇರೆ ಬೇರೆ ಊರಿನಿಂದ ಎತ್ತಿ ವಿಶಾಖಪಟ್ಟಣದ ಒಂದೇ ಬ್ರಾಂಚಿನಲ್ಲಿ ಎದುರುಬದುರು ಕೂರಿಸಿದ್ದರು. ಎಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ಅವರ ಜೊತೆ ಕೆಲಸ ಮಾಡಿದೆ, ಅವರ ಮನೆಯಲ್ಲಿ ಉಂಡೆ, ಅವರು ಬರೆದದ್ದನ್ನೆಲ್ಲ ಕೇಳಿದೆ. ಇಷ್ಟಾದರೂ ಅವರ ನಂಬಿಕೆ ಎಂಥದು ಎಂದು ಯಾರಾದರೂ ಕೇಳಿದರೆ, ದೇವರಾಣೆ, ನನಗೆ ಗೊತ್ತಿಲ್ಲ.

ಬ್ರಾಂಚಿನ ತೆಲುಗರು ಅವರನ್ನು ಬ್ರದರ್‌ಗಾರು ಎನ್ನುತ್ತಿದ್ದರು. ನಾನು ಹೋದ ಮೊದಲ ದಿನವೇ ನನ್ನ ಟೇಬಲ್ಲಿನ ಹತ್ತಿರ ಬಂದು, "ನೀವು ಕನ್ನಡದವ್ರಂತಲ್ರೀ. ಧರ್ಮದ ಪುಸ್ತಕ ಏನಾರ ಓದ್ತೀರೇನು?" ಎಂದು ಕೇಳಿದರು. ಮತಾಂತರ ಮಾಡಲು ಬಂದರು ಎಂದೇ ನಾನು ತಿಳಿದೆ. ಸ್ವಲ್ಪ ಬಿಗಿಯಾಗಿಯೇ, "ಇಲ್ಲ ಸಾರ್, ಪೇಪರ್ ಬಿಟ್ರೆ ಏನೂ ಓದಲ್ಲ," ಎಂದೆ. ಅವರ ಮುಖ ಅರಳಿತು. "ಭಾಳ ಚಲೋ ಆತು," ಎಂದು ಹೇಳಿ ಹೊರಟೇಹೋದರು. ಇದರಲ್ಲಿ ಚಲೋ ಆದದ್ದೇನು ಎಂದು ನನಗೆ ಹೊಳೆಯಲಿಲ್ಲ.

ಅವರ ಟೇಬಲ್ಲಿನ ಕೆಳಗಿನ ಖಾನೆಯ ತುಂಬ ಪುಸ್ತಕಗಳಿದ್ದವು. ಕೆಲವು ಕ್ರೈಸ್ತ ನಂಬಿಕೆಯವು, ಕೆಲವು ಪ್ರಸಂಗ ಮಾಡುವುದು ಹೇಗೆ ಎಂದು ಹೇಳಿಕೊಡುವವು. ಅವರ ಸಭೆಯಲ್ಲಿ ಭಾನುವಾರದ ಉಪದೇಶಕ್ಕೆ ಪ್ರಸಂಗ ಎನ್ನುತ್ತಾರೆ. ಮಿಕ್ಕವು ಬರವಣಿಗೆಯ ಕಸುಬಿನ ಪುಸ್ತಕಗಳು: ವಾಕ್ಯ ಹೇಗೆ ಕಟ್ಟಬೇಕು, ಎಲ್ಲಿ ನಿಲ್ಲಿಸಬೇಕು, ಏನನ್ನು ಹೊಡೆದುಹಾಕಬೇಕು ಎಂಬಂಥವು. ಬ್ಯಾಂಕಿನ ಕೆಲಸದ ಮೇಲೆ ವಿಜಯವಾಡಕ್ಕೆ ಹೋದಾಗಲೆಲ್ಲ ಏಲೂರು ರೋಡಿನ ಪುಸ್ತಕದ ಅಂಗಡಿಗಳನ್ನು ಜಾಲಾಡಿ, ಸೊಂಟ ಹಿಡಿದುಕೊಂಡು ಒಂದು ಕಟ್ಟು ಹೊತ್ತು ತರುತ್ತಿದ್ದರು.

ಓದುವ ರೀತಿ ಮಾತ್ರ ತಲೆಕೆಳಗು. ಭಕ್ತಿಯ ಪುಸ್ತಕ ಓದುವಾಗ ಕೈಯಲ್ಲಿ ಕೆಂಪು ಪೆನ್ಸಿಲ್. ಯಾರೋ ಮಹಾನುಭಾವರು ಕಣ್ಣೀರು ಸುರಿಸಿ ಬರೆದ ಸಾಲುಗಳನ್ನು ಇವರು ನಿರ್ದಯವಾಗಿ ಹೊಡೆಯುತ್ತಿದ್ದರು. ಬರವಣಿಗೆಯ ಪುಸ್ತಕ ತೆರೆಯುವ ಮುಂಚೆ ಮಾತ್ರ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ ಪ್ರಾರ್ಥನೆ ಮಾಡುತ್ತಿದ್ದರು. ಒಂದು ದಿನ ತಡೆಯಲಾರದೆ, "ಸಾರ್, ನೀವು ಪುಸ್ತಕ ಅದಲುಬದಲು ಮಾಡ್ಕೊಂಡಿದೀರ," ಎಂದೆ. "ಹೌದೇನ್ರೀ?" ಎಂದು ಗಾಬರಿಯಿಂದ ಎರಡರ ರಟ್ಟನ್ನೂ ತಿರುಗಿಸಿ ನೋಡಿದರು. ತಮಾಷೆ ಎಂದು ಗೊತ್ತಾದ ಮೇಲೂ ನಗಲಿಲ್ಲ.

ಆಗ ಊರಿನಲ್ಲಿ ನೌಕಾಪಡೆಯ ಕನ್ನಡ ಕುಟುಂಬಗಳು ಸಾಕಷ್ಟಿದ್ದವು. ಅವರಲ್ಲಿನ ಕ್ರೈಸ್ತರು, ಬ್ಯಾಂಕುಗಳ ಕೆಲವರು ಸೇರಿ ಭಾನುವಾರ ಸಂಜೆ ಒಂದು ಶಾಲೆಯ ಹಾಲಿನಲ್ಲಿ ಕನ್ನಡ ಸಭೆ ನಡೆಸುತ್ತಿದ್ದರು. ಸಭಾಪಾಲಕರು ಇರಲಿಲ್ಲವಾಗಿ ಇವರೇ ಪ್ರಸಂಗ ಮಾಡಬೇಕು. ಅದನ್ನು ಅವರು ಪದ ಪದವಾಗಿ ಬರೆಯುತ್ತಿದ್ದರು. ಬರೆದದ್ದನ್ನು ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿದ ಮೇಲೆ ಎಂವಿಪಿ ಕಾಲೋನಿಯ ತಮ್ಮ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ ಓದಿ ತೋರಿಸುತ್ತಿದ್ದರು.

"ನಿಮ್ಮ ಸಭೆಯವ್ರಿಗೆ ಓದಿ ತೋರ್ಸೋದಲ್ವಾ ಸಾರ್? ನನಗೇನು ಗೊತ್ತಾಗುತ್ತೆ?" ಎಂದು ಕೇಳಿದ್ದೆ.

"ನಮ್ಮವ್ರು ಏನ್ ಹೇಳಿದ್ರೂ ಆಮೆನ್ ಅಂತಾರ್ರಿ. ನಾಳೆ ಬಿಸಲ ಬೀಳತೈತಿ ಅಂದ್ರೂ ಆಮೆನ್. ನೀವು ಅನ್ನೂದಿಲ್ಲ. ಅದಕ್ಕ ನೀವ ಬೇಕು."

ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಮಂಡಕ್ಕಿಯ ಗಿರಮಿಟ್ ಮಾಡಿ ತಂದಿಡುತ್ತಿದ್ದರು. ನಾನು ಅದನ್ನು ತಿನ್ನುತ್ತಾ ಕೇಳಬೇಕು. ಒಂದು ಸಲ ಅವರು ಓದುತ್ತಿದ್ದ ಸಾಲು ಹೀಗಿತ್ತು: ಕಷ್ಟಗಳು ನಮ್ಮನ್ನು ಶುದ್ಧ ಮಾಡುತ್ತವೆ. ಅದೇ ಹೊತ್ತಿಗೆ ನಾನು ಕಿವಿ ಕೆರೆದುಕೊಂಡೆ. ಅವರು ಥಟ್ಟನೆ ನಿಲ್ಲಿಸಿದರು.

"ಯಾಕ್ರೀ ಕಿವಿ ಕೆರಕೊಂಡ್ರಿ?"

"ಏನಿಲ್ಲ ಸಾರ್, ಸೊಳ್ಳೆ."

"ಇಲ್ರೀ, ಸೊಳ್ಳಿ ಅಲ್ಲ," ಎಂದವರೇ ಆ ಸಾಲನ್ನು ಹೊಡೆದುಹಾಕಿದರು. ನಾನು ಎಷ್ಟು ಬೇಡಿಕೊಂಡರೂ ಮತ್ತೆ ಸೇರಿಸಲಿಲ್ಲ. ಇನ್ನೊಬ್ಬರ ಧರ್ಮದ ಒಂದು ಮಾತು ನನ್ನ ಕಿವಿಯ ತುರಿಕೆಗೆ ಬಲಿಯಾಯಿತಲ್ಲ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಆಮೇಲಿನ ಶನಿವಾರಗಳಲ್ಲಿ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದೆ.

ಹೀಗೆ ಹೊಡೆದು ಹೊಡೆದು ಪ್ರಸಂಗ ಗಿಡ್ಡವಾಗುತ್ತಾ ಬಂತು. ಜನ ಬೈಬಲ್ ತೆರೆದು ಪುಟ ಹುಡುಕುವಷ್ಟರಲ್ಲಿ ಇವರು ಮುಗಿಸಿ ಕೂತಿರುತ್ತಿದ್ದರು. ಮಕ್ಕಳಿಗೆ ಹಬ್ಬ. ದೊಡ್ಡವರು ಗೊಣಗುತ್ತಿದ್ದರು. "ಊಟಕ್ಕೆ ಕರ್ದು ಉಪ್ಪಿನಕಾಯಿ ಬಡಿಸಿ ಎದ್ದು ಹೋಗ್ತಾರಲ್ರೀ," ಎಂದು ಮಂಗಳೂರಿನ ನೌಕಾಪಡೆಯವರೊಬ್ಬರು ನನ್ನ ಹತ್ತಿರವೇ ದೂರಿದರು. ನಾನು ಈ ಅಡುಗೆಯಲ್ಲಿ ಪಾಲುದಾರ ಎಂಬುದು ಪಾಪ ಅವರಿಗೆ ತಿಳಿಯದು.

ನನ್ನ ತಾಯಿ ಊರಿನಿಂದ ಬಂದಾಗ ಸಿಂಹಾಚಲಕ್ಕೆ ಹೊರಟಿದ್ದೆವು. ಇವರೂ ಬರುತ್ತೇನೆಂದು ಬಸ್ಸು ಹತ್ತಿದರು. ಅಲ್ಲಿಯ ದೇವರನ್ನು ವರ್ಷವೆಲ್ಲ ಗಂಧದಿಂದ ಮುಚ್ಚಿಟ್ಟು, ಒಂದೇ ದಿನ ಗಂಧ ತೆಗೆದು ನಿಜರೂಪ ತೋರಿಸುತ್ತಾರೆ. ಹೂವಿನ ಅಂಗಡಿಯವನು ಆ ಕಥೆ ಹೇಳುವಾಗ ಇವರು ಬಾಯಿ ತೆರೆದು ಕೇಳಿದರು. ಇಳಿದು ಬರುವಾಗ, "ಒಂದ ದಿನಾ ಆದ್ರೂ ತಗೀತಾರಲ್ರೀ, ಅವ್ರು," ಎಂದರು. ದೇವರ ವಿಷಯ ಹೇಳಿದರೋ, ವಾಕ್ಯಗಳ ವಿಷಯ ಹೇಳಿದರೋ, ತಮ್ಮದೇ ವಿಷಯವೋ, ನನಗೆ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ನನ್ನ ತಾಯಿ, "ಆ ಪುಣ್ಯಾತ್ಮ ಕೈ ಮುಗಿದನೇನೋ?" ಎಂದು ಕೇಳಿದಳು. ನಾನು ಗಮನಿಸಿರಲಿಲ್ಲ.

ಅವರಿಗೊಬ್ಬ ಮಗನಿದ್ದ. ನಾನು ಆ ಊರಿಗೆ ಹೋಗುವ ಮುಂಚೆಯೇ ಮೆದುಳು ಜ್ವರ ಬಂದು ತೀರಿಕೊಂಡಿದ್ದ. ನನಗೆ ಇದನ್ನು ಹೇಳಿದ್ದು ನಮ್ಮ ಕ್ಯಾಷಿಯರ್. ಅವರ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಗಂಡನ ತೆಲುಗು ಹರಕುಮುರುಕು, ಹೆಂಡತಿಯದು ನೀರು ಹರಿದ ಹಾಗೆ. "ಎಲ್ಲಿ ಕಲಿತ್ರಿ ಅಕ್ಕಾ?" ಎಂದು ಒಮ್ಮೆ ಮೆಚ್ಚಿಕೊಂಡು ಕೇಳಿಬಿಟ್ಟೆ. "ದವಾಖಾನ್ಯಾಗ ಅಣ್ಣಾರ. ವರಾಂಡದಾಗ ಎಲ್ಲಾರೂ ತೆಲುಗ ಮಾತಾಡ್ತಿದ್ರಲ್ಲ," ಎಂದು ಒಳಗೆ ಹೋದರು. ನಾನು ಗಿರಮಿಟ್ಟಿನ ತಟ್ಟೆಯನ್ನು ನೋಡುತ್ತಾ ಕೂತೆ.

ಒಂದು ವರ್ಷ ವಿಜಯವಾಡದ ದೊಡ್ಡ ಕೂಟದವರು ಅವರನ್ನು ಪ್ರಸಂಗಕ್ಕೆ ಕರೆದರು, ಶನಿವಾರ ಸಂಜೆಗೊಂದು, ಭಾನುವಾರ ಬೆಳಗ್ಗೆಗೊಂದು. ಸಾವಿರಾರು ಜನ ಸೇರುವ ಜಾಗ. ಇವರು ಕನ್ನಡದಲ್ಲಿ ಹೇಳುವುದು, ಪಕ್ಕದಲ್ಲಿ ಒಬ್ಬರು ನಿಂತು ತೆಲುಗಿಗೆ ತರ್ಜುಮೆ ಮಾಡುವುದು. ಅಂಥ ಕೂಟಗಳಲ್ಲಿ ಇದು ರೂಢಿ. ಈ ಸಲ ಅವರು ಓದಿ ತೋರಿಸಿದಾಗ ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದರು. ಮೊದಲ ಬಾರಿಗೆ ಮಗನ ವಿಷಯ ಬರೆದಿದ್ದರು. ಅದನ್ನು ನಾನು ಮರೆತಿಲ್ಲ: "ನಮ್ಮ ಮಗನಿಗಾಗಿ ಪ್ರಾರ್ಥಿಸಿದೆವು. ಮಗ ಉಳಿಯಲಿಲ್ಲ. ಮರುದಿನವೂ ನಾನು ಪ್ರಾರ್ಥಿಸಿದೆ. ಯಾಕೆ ಪ್ರಾರ್ಥಿಸಿದೆನೋ ನನಗೆ ಗೊತ್ತಿಲ್ಲ."

"ಸಾರ್, ಜನ ಸಮಾಧಾನ ಹುಡುಕ್ಕೊಂಡು ಬಂದಿರ್ತಾರೆ. ಇದನ್ನ ಹೇಳ್ಬೇಕಾ?" ಎಂದೆ.

"ಇದರಾಗ ಸುಳ್ಳು ಎಲ್ಲಿ ಐತಿ ತೋರಸ್ರಿ, ತಗೀತೀನಿ."

ತೋರಿಸಲು ಏನೂ ಇರಲಿಲ್ಲ. ಹಿಂದೆ ಕೂತು ಕೇಳಲಿಕ್ಕೆ ನಾನೂ ಬರಬೇಕೆಂದು ಹಟ ಹಿಡಿದರು. ಶನಿವಾರ ರಜೆ ಹಾಕಿ, ಆಗಿನ್ನೂ ಚಿಕ್ಕವಳಾಗಿದ್ದ ಮಗಳನ್ನು ನೆರೆಮನೆಯಲ್ಲಿ ಬಿಟ್ಟು, ಮೂವರೂ ಬೆಳಗಿನ ರೈಲು ಹತ್ತಿದೆವು. ದುವ್ವಾಡ ದಾಟುವಷ್ಟರಲ್ಲಿ ಅಕ್ಕ ರೊಟ್ಟಿಯ ಗಂಟು ಬಿಚ್ಚಿ, "ಈ ಸರ್ತಿ ಏನ್ ಬರದೀರಿ, ನಂಗೂ ಒಂಚೂರ ಹೇಳ್ರಲ್ಲ," ಎಂದರು. ಅವರು ಕಿಟಕಿಯ ಹೊರಗೆ ನೋಡುತ್ತಾ, "ಅಲ್ಲೇ ಕೇಳೀಯಂತ," ಎಂದರು.

ಕಾಲುವೆಯ ಹತ್ತಿರದ ಬಯಲಿನಲ್ಲಿ ದೊಡ್ಡ ಪೆಂಡಾಲು ಹಾಕಿದ್ದರು. ಗಂಡಸರು ಒಂದು ಕಡೆ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಒಂದು ಕಡೆ, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಟಾರ್ಪಾಲಿನ ಮೇಲೆ ಕೂತಿದ್ದರು. ತರ್ಜುಮೆಗೆ ನಿಂತವರು ಹಿಂದೂಪುರದ ಕಡೆಯವರು, ಕನ್ನಡ ಬಲ್ಲವರು, ಕಂಚಿನ ಕಂಠ. ನಮ್ಮವರು ಒಂದು ಸಾಲು ಹೇಳಿದರೆ ಅವರ ಬಾಯಲ್ಲಿ ಅದು ನಾಲ್ಕಾಗುತ್ತಿತ್ತು. ಜನ ಮಾತು ಮಾತಿಗೂ, ಆಮೆನ್ ಅನ್ನುವ ಹಾಗೆ, "ಸ್ತೋತ್ರಂ" ಎನ್ನುತ್ತಿದ್ದರು. ನಾವು ಶನಿವಾರಗಳೆಲ್ಲ ಕೂತು ಕತ್ತರಿಸಿದ್ದನ್ನು ಆ ಮನುಷ್ಯ ಒಂದೊಂದಾಗಿ ವಾಪಸು ಅಂಟಿಸುತ್ತಿದ್ದಾನಲ್ಲ ಎಂದು ನನಗೆ ಒಳಗೊಳಗೇ ನಗು ಬರುತ್ತಿತ್ತು.

"ನಮ್ಮ ಮಗನಿಗಾಗಿ ಪ್ರಾರ್ಥಿಸಿದೆವು," ಎಂದರು ಇವರು. ಅದು ತೆಲುಗಾಯಿತು. "ಮಗ ಉಳಿಯಲಿಲ್ಲ."

ತರ್ಜುಮೆಯವರು ಒಂದು ಕ್ಷಣ ಇವರನ್ನು ನೋಡಿದರು. ಆಮೇಲೆ ಜನರ ಕಡೆ ತಿರುಗಿ ಕೈಯೆತ್ತಿ, "ಆ ಬಿಡ್ಡ ಲೇಚಿ ಕೂರ್ಚುನ್ನಾಡು!" ಎಂದು ಗರ್ಜಿಸಿದರು. ಆ ಮಗು ಎದ್ದು ಕೂತಿತು ಎಂದು.

ಪೆಂಡಾಲು ಹಾರಿಹೋಗುವ ಹಾಗೆ ಸ್ತೋತ್ರ ಎದ್ದಿತು. ನನಗೆ ಮೈ ಉರಿಯಿತು. ಇವರು ತರ್ಜುಮೆಯವರ ಕಡೆಗೆ ತಿರುಗಿದರು, ಮೈಕಿಗೆ ಬಾಯಿ ಹಚ್ಚಿದರು. ಸೊಳ್ಳೆ ಕಚ್ಚಿದ್ದಕ್ಕೆ ಸಾಲು ಹೊಡೆದ ಮನುಷ್ಯ, ಇದನ್ನು ಬಿಡುತ್ತಾರೆಯೇ? ಆದರೆ ಅವರ ಕಣ್ಣು ಹೆಂಗಸರ ಕಡೆಗೆ ಹೋಗಿ ಅಲ್ಲೇ ನಿಂತಿತು. ಅಕ್ಕ ಮುಂದಿನ ಸಾಲಿನಲ್ಲಿ ಎರಡೂ ಕೈ ಮೇಲೆತ್ತಿ ಮೊಣಕಾಲ ಮೇಲೆ ನಿಂತಿದ್ದರು. ಕಣ್ಣಲ್ಲಿ ಧಾರಾಕಾರ ನೀರು, ಮುಖದ ತುಂಬ ನಗು. ಇವರು ಬಾಯಿ ಮುಚ್ಚಿ ಕೂತುಬಿಟ್ಟರು. ಮುಂದಿನದನ್ನೆಲ್ಲ ಹಿಂದೂಪುರದವರೇ ಪೂರೈಸಿದರು.

ನಾನು ಹೋಗಿ ಆ ತರ್ಜುಮೆಯವರನ್ನು ಹಿಡಿದೆ. ಅವರೇನು ಕೆಟ್ಟವರಲ್ಲ, ಟವೆಲಿನಲ್ಲಿ ಬೆವರೊರೆಸಿಕೊಂಡು ಸಮಾಧಾನವಾಗಿಯೇ ಹೇಳಿದರು. "ಸಾರ್, ಅಷ್ಟು ದೂರದಿಂದ ನಡ್ಕೊಂಡು ಬಂದವ್ರೆ ಜನ. ಮಗ ಸತ್ತೋದ ಅಂತ ಹೇಳಿ ಮನೆಗೆ ಕಳ್ಸಕ್ಕಾಗ್ತದಾ? ನೀವೇ ಹೇಳಿ."

ಅಷ್ಟರಲ್ಲಿ ವೇದಿಕೆಯ ಹಿಂದೆ ಜನ ಸೇರಿದ್ದರು. ಹಳ್ಳಿಯ ಹೆಂಗಸೊಬ್ಬಳು ಫಿಟ್ಸ್ ಬರುವ ಹುಡುಗನನ್ನು ತಂದು ಇವರ ಕಾಲ ಹತ್ತಿರ ಮಲಗಿಸಿದಳು. "ಮೀ ಬಾಬುನಿ ಲೇಪಾರು ಕದಂಡಿ, ಮಾ ವಾಡಿಕೀ ಪ್ರಾರ್ಥನ ಚೇಯಂಡಯ್ಯಾ," ಎಂದಳು. ನಿಮ್ಮ ಮಗನನ್ನು ಎಬ್ಬಿಸಿದಿರಲ್ಲ, ನಮ್ಮವನಿಗೂ ಪ್ರಾರ್ಥಿಸಿ ಎಂದು. ಇವರು ಆ ಹುಡುಗನ ತಲೆಯ ಮೇಲೆ ಕೈಯಿಟ್ಟರು. ತುಟಿ ಮಾತ್ರ ಅಲ್ಲಾಡಲಿಲ್ಲ. ಅಕ್ಕ ಹುಡುಗನನ್ನು ಎತ್ತಿಕೊಂಡು ಬೆನ್ನು ಸವರಿ, ನಾಳೆಯೂ ಕರೆದುಕೊಂಡು ಬಾ ಎಂದು ತೆಲುಗಿನಲ್ಲಿ ಹೇಳಿ ಕಳಿಸಿದರು.

ಭಾನುವಾರ ಬೆಳಗ್ಗೆ ನಾವು ಇಳಿದುಕೊಂಡಿದ್ದ ಮನೆಯ ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದೆವು. "ಇವತ್ತ ಖರೇ ಹೇಳ್ತೀನಿ," ಎಂದರು ಅವರು. ನನಗೆ ಎದ್ದು ಹೋಗಬೇಕೋ ಕೂರಬೇಕೋ ತಿಳಿಯಲಿಲ್ಲ.

"ಬ್ಯಾಡ್ರಿ," ಎಂದರು ಅಕ್ಕ. "ನಿನ್ನೆ ಒಂದ ಗಳಿಗಿ ಅಂವ ಎದ್ದ ಕುಂತಿದ್ದ. ನಾ ನೋಡೀನಿ. ಮತ್ಯಾಕ ಮಲಗಸ್ತೀರಿ?"

ಅವರು ಚಹಾದ ಲೋಟ ಕೆಳಗಿಟ್ಟರು. "ಆಕಿ ಹುಡುಗನ್ನ ದವಾಖಾನಿಗೆ ಒಯ್ಯೂದ ಬಿಟ್ಟ ಇಲ್ಲಿ ತರಾಕತ್ತಾಳ. ನಾಳೆ ಏನಾರ ಆದ್ರ?"

"ಆಗೂದಿಲ್ಲ."

"ನಮಗೂ ಹಂಗ ಅನಸಿತ್ತಲ್ಲ," ಎಂದರು. ಅಕ್ಕ ಲೋಟದಲ್ಲಿದ್ದ ಚಹಾವನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದರು.

ಅಂದು ಆಮೇಲೆ ಕೂಟದಲ್ಲಿ ನಡೆದದ್ದರಿಂದಾಗಿ ವಿಜಯವಾಡದವರು ಅವರನ್ನು ಮತ್ತೆಂದೂ ಕರೆಯಲಿಲ್ಲ. ವಿಶಾಖಪಟ್ಟಣದ ಸಭೆಯಲ್ಲೂ ಅವರ ಸರದಿ ಕಡಿಮೆಯಾಯಿತು. ಅದಕ್ಕೆ ಅವರು ಕೊರಗಿದ್ದನ್ನು ನಾನು ಕಾಣೆ. ಕೆಂಪು ಪೆನ್ಸಿಲ್ ಹಿಡಿದು ಓದುವುದು ಮಾತ್ರ ನಿಲ್ಲಲಿಲ್ಲ. ನನಗೆ ವರ್ಗವಾಗುವವರೆಗೂ ಶನಿವಾರಗಳು ನಡೆದವು, ಗಿರಮಿಟ್ಟೂ ಬರುತ್ತಿತ್ತು. ಅವರು ಅಂದು ಮಾಡಿದ್ದು ಧೈರ್ಯವೋ ಕ್ರೌರ್ಯವೋ ಎಂದು ಕೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ಕೇಳಲಿಲ್ಲ. ಮಗಳಿಗೆ ಏನು ಬರೆದು ಕಳಿಸಬೇಕೋ ತಿಳಿಯದೆ, ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಆ ಭಾನುವಾರ ಅವರು ವೇದಿಕೆ ಹತ್ತಿದವರೇ ಹಿಂದೂಪುರದವರಿಗೆ ಕೈ ಮುಗಿದು, "ಇವತ್ತ ನಮ್ಮ ಮನಿಯವ್ರು ತರ್ಜುಮೆ ಮಾಡ್ತಾರ್ರಿ," ಎಂದರು. ಕೂಟದ ಹಿರಿಯರು ಮುಖ ಮುಖ ನೋಡಿಕೊಂಡರು. ಆ ವೇದಿಕೆಯನ್ನು ಹೆಂಗಸರು ಹತ್ತಿದ್ದೇ ಇಲ್ಲವಂತೆ. ಅಕ್ಕನಿಗೂ ಇದು ಮುಂಚೆ ತಿಳಿದಿರಲಿಲ್ಲ. ಕೂತಲ್ಲೇ ಬಿಳಿಚಿಕೊಂಡರು. ಬರಲಾರರು ಎಂದುಕೊಂಡೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಎದ್ದು ಬಂದು ಗಂಡನ ಪಕ್ಕ ನಿಂತರು.

ಅವರು ಹೇಳಿದ್ದನ್ನು ಅಕ್ಕ ಹೇಳಿದಷ್ಟೇ ಹೇಳಿದರು, ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಷ್ಟು ಸಣ್ಣ ಸಣ್ಣ ಮಾತಿಗೆ ಎಲ್ಲಿ ಸ್ತೋತ್ರಂ ಅನ್ನಬೇಕೆಂದು ಜನಕ್ಕೆ ಗೊತ್ತಾಗುತ್ತಿರಲಿಲ್ಲ.

"ನಿನ್ನೆ ನಿಮಗೆ ತಪ್ಪು ತಲುಪಿತು," ಎಂದರು ಅವರು. ಅಕ್ಕ ಅದನ್ನೂ ಹೇಳಿದರು.

"ನಮ್ಮ ಮಗ ಉಳಿಯಲಿಲ್ಲ."

ಅಕ್ಕ ಸುಮ್ಮನಾದರು. ಮೈಕಿನಲ್ಲಿ ಅವರ ಉಸಿರಷ್ಟೇ ಕೇಳುತ್ತಿತ್ತು. ಅವರು ಹೆಂಡತಿಯ ಕಡೆ ನೋಡಲಿಲ್ಲ, ಇನ್ನೊಮ್ಮೆ ಹೇಳಲೂ ಇಲ್ಲ, ಕಾಗದದ ಮೇಲೆ ಕಣ್ಣಿಟ್ಟು ಕಾದರು. ಹೇಳಿಬಿಡಲಿ ಎಂದೂ ಹೇಳದಿರಲಿ ಎಂದೂ ನಾನು ಒಟ್ಟೊಟ್ಟಿಗೆ ಬೇಡಿಕೊಂಡೆ, ಯಾವ ದೇವರಿಗೆ ಎಂದು ಮಾತ್ರ ಕೇಳಬೇಡಿ.

ಅಕ್ಕ ಜನರನ್ನು ಬಿಟ್ಟು, ಮುಂದಿನ ಸಾಲಿನಲ್ಲಿ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಆ ಹಳ್ಳಿಯ ಹೆಂಗಸನ್ನು ನೋಡಿದರು. "ಮಾ ಬಾಬು ಲೇವಲೇದಮ್ಮಾ," ಎಂದರು. "ಚನಿಪೋಯಾಡು." ಎದ್ದೇಳಲಿಲ್ಲಮ್ಮ ನಮ್ಮ ಮಗ, ಸತ್ತುಹೋದ. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಕಾಗದದಲ್ಲಿ ಇಲ್ಲದ್ದನ್ನೂ ಅಕ್ಕ ಹೇಳಿದರು. ನಿನ್ನ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ನಡೆ, ನಾನೂ ಬರುತ್ತೇನೆ ಎಂದು.

ಹೇಳಿದವರೇ ವೇದಿಕೆ ಇಳಿದರು, ಆ ಹುಡುಗನನ್ನು ಹೆಗಲಿಗೆ ಹಾಕಿಕೊಂಡು, ಅವನ ತಾಯಿಯ ಕೈ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದುಬಿಟ್ಟರು. ಇವರು ಮೈಕಿನ ಮುಂದೆ ಒಬ್ಬರೇ ನಿಂತರು, ಕೈಯಲ್ಲಿ ಇನ್ನೂ ಅರ್ಧ ಪ್ರಸಂಗ. ಆಮೇಲೆ ಇವರೂ ಇಳಿದು ಓಡಿದರು. ಗಂಡಹೆಂಡಿರಿಬ್ಬರ ಚಪ್ಪಲಿಯೂ ಪೆಂಡಾಲಿನ ಬಾಗಿಲಲ್ಲೇ ಉಳಿದಿದ್ದನ್ನು ಕಂಡು, ಅವನ್ನು ಎತ್ತಿಕೊಂಡು ನಾನೂ ಹಿಂದೆ ಓಡಿದೆ. ವಿಜಯವಾಡದ ಬಿಸಿಲಿನಲ್ಲಿ ರಸ್ತೆ ಆಗಲೇ ಕಾದಿತ್ತು.

ಅಕ್ಕ ಒಂದು ಸೈಕಲ್ ರಿಕ್ಷಾ ನಿಲ್ಲಿಸಿ ಆ ತಾಯಿಯನ್ನು ಹತ್ತಿಸಿದ್ದರು. ಇವರು ಏದುಸಿರು ಬಿಡುತ್ತಾ ಹತ್ತಿರ ಹೋಗಿ, "ಪ್ರಸಂಗ ಇನ್ನೂ ಅರ್ಧ ಉಳದೈತಿ," ಎಂದರು.

"ಮುಗೀತದು," ಎಂದರು ಅಕ್ಕ. "ಹತ್ರಿ."

ಅವರು ಹತ್ತಿದರು. ಜಾಗ ಸಾಲದೆ ಅಕ್ಕ ಹುಡುಗನನ್ನು ಅವರ ತೊಡೆಯ ಮೇಲೆ ಕೂರಿಸಿ ತಾವೂ ಹತ್ತಿದರು. ರಿಕ್ಷಾ ಕಾಲುವೆಯ ಸೇತುವೆಯ ಕಡೆ ತಿರುಗಿತು. ಹಿಂದೆ ಪೆಂಡಾಲಿನಲ್ಲಿ ಯಾರೋ ಹಾಡು ಶುರು ಮಾಡಿದ್ದರು. ನಾನು ಎರಡು ಜೊತೆ ಚಪ್ಪಲಿ ಹಿಡಿದುಕೊಂಡು, ನನಗೆ ಬರುವಷ್ಟು ತೆಲುಗಿನಲ್ಲಿ, ದೊಡ್ಡಾಸ್ಪತ್ರೆ ಯಾವ ಕಡೆ ಎಂದು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾ ನಡೆದೆ.